ಹೊಳೆಮ್ಮನ ಹನ್ನೆರಡು ಹಗ್ಗ

ಬೆಳಗಿನ ಐದು ಗಂಟೆ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಮೊದಲ ಆಟೋ ಇನ್ನೂ ಕೆಮ್ಮಿಲ್ಲ. ಹಿತ್ತಲಿನ ಒಲೆಯ ಮುಂದೆ ಹೊಳೆಮ್ಮ ಕುಕ್ಕರಗಾಲಲ್ಲಿ ಕುಳಿತು ಒಂದು ಗಾಜಿನ ಲೋಟವನ್ನೇ ದಿಟ್ಟಿಸುತ್ತಿದ್ದಾರೆ. ಲೋಟದಲ್ಲಿರುವುದು ಒಂದು ಹಿಡಿ ಬೇಯಿಸಿದ ಹುರುಳಿ, ಅದರ ಮೇಲೆ ತಣ್ಣೀರು. ಕಾಳು ಎಲ್ಲಿಯವರೆಗೆ ಇದೆಯೋ ಅಲ್ಲಿಗೆ ಲೋಟದ ಹೊರಗೆ ಇದ್ದಿಲಿನಿಂದ ಗೀಟು ಎಳೆದಿದ್ದಾರೆ. ಒಂದು ತಾಸು ಕಳೆದ ಮೇಲೂ ಕಾಳು ಗೀಟು ದಾಟದಿದ್ದರೆ ಬೆಂದಿದೆ ಎಂದರ್ಥ. ದಾಟಿತೋ, ಇಡೀ ಹಂಡೆ ಮತ್ತೆ ಒಲೆಗೆ ಏರುತ್ತದೆ.

ಐವತ್ತೆಂಟರ ಈ ಹೆಂಗಸು ಕುದುರೆಗಳಿಗೆ ಉಂಡೆ ಕಟ್ಟುತ್ತಾರೆ. ಮದುವೆ ಮೆರವಣಿಗೆಯಲ್ಲಿ ಬ್ಯಾಂಡಿಗೆ ಕುಣಿಯುವವು ಐದು, ಹಂಪಿಯ ಸುತ್ತ ಪ್ರವಾಸಿಗರನ್ನು ಹೊರುವವು ಮೂರು, ಗಾಡಿ ಓಟಕ್ಕೆ ಹೂಡುವವು ಮೂರು. ಒಟ್ಟು ಹನ್ನೊಂದು ಕುದುರೆ, ದಿನಕ್ಕೆ ನಲವತ್ತನಾಲ್ಕು ಉಂಡೆ. ಇಪ್ಪತ್ತು ಕಿಲೋ ಹುರುಳಿ, ಲೋಳೆ ಬಿಡುವವರೆಗೆ ಕುದಿಸಿದ ಅಗಸೆ, ಬೆಲ್ಲ, ಉಪ್ಪು, ಕಂಪ್ಲಿಯ ಮಿಲ್ಲಿನ ತೌಡು. ತೌಡು ಮೂರು ದಿನ ದಾಟಿದರೆ ಮುಗ್ಗಲು ಹಿಡಿಯುತ್ತದೆಂದು ಗಂಡ ಉಚ್ಚೆಂಗೆಪ್ಪ ವಾರಕ್ಕೆರಡು ಸಲ ಕಂಪ್ಲಿ ಬಸ್ಸು ಹತ್ತುತ್ತಾರೆ. ಬ್ಯಾಂಡಿನ ಸದ್ದಿಗೆ ಕುದುರೆ ಕುಣಿಯುವುದನ್ನು ಊರೆಲ್ಲ ಮೊಬೈಲಿನಲ್ಲಿ ಹಿಡಿಯುತ್ತದೆ. ಅದು ಬೆಳಿಗ್ಗೆ ಏನು ತಿಂದಿತು ಎಂದು ಕೇಳಿದವರು ಈವರೆಗೆ ಯಾರೂ ಇಲ್ಲ.

"ಮನಷ್ಯಾ ಆದ್ರ ಹೊಟ್ಟಿ ನೋವು ಅಂತಾನ. ಕುದುರಿ ಏನಂತೈತಿ? ಕಾಲು ಕೆರೀತೈತಿ, ಹೊಟ್ಟಿ ಕಡಿ ತಿರುಗಿ ನೋಡತೈತಿ. ಅಷ್ಟೊತ್ತಿಗೆ ತಡ ಆಗಿರ್ತೈತ್ರಿ," ಎನ್ನುತ್ತಾರೆ ಹೊಳೆಮ್ಮ. ಮಾತಾಡುವಾಗಲೂ ಕಣ್ಣು ಲೋಟದ ಮೇಲೇ ಇದೆ.

ಹಿತ್ತಲ ಗೋಡೆಯಲ್ಲಿ ಸಾಲಾಗಿ ಹನ್ನೆರಡು ಮೊಳೆ, ಹನ್ನೆರಡು ಹಗ್ಗ. ಕುದುರೆಯನ್ನು ತೂಗುವ ತಕ್ಕಡಿ ಈ ಸುತ್ತಿನಲ್ಲಿ ಎಲ್ಲೂ ಸಿಗದ್ದರಿಂದ ಅವರು ಅಳೆಯುವುದು ಹಗ್ಗದಲ್ಲಿ. ಮುಂಗಾಲಿನ ಹಿಂದೆ, ಎದೆಯ ಸುತ್ತ ಹಗ್ಗ ಬಳಸಿ, ತುದಿ ಕೂಡುವಲ್ಲಿ ಗಂಟು ಹಾಕುತ್ತಾರೆ. ಪ್ರತಿ ಕುದುರೆಗೂ ಅದರದೇ ಹಗ್ಗ. ತುದಿ ಎರಡು ಬೆರಳು ಗಂಟು ದಾಟಿದರೆ ಕುದುರೆ ಇಳಿದಿದೆ, ಅರ್ಧ ಉಂಡೆ ಹೆಚ್ಚು. ಗಂಟಿನವರೆಗೆ ಬಾರದಿದ್ದರೆ ಬೆಲ್ಲ ಕಡಿಮೆ. ಮಾವ ಎರ್ರಿಯಪ್ಪ ಜಟಕಾ ಹೊಡೆಯುತ್ತಿದ್ದ ಕಾಲದಲ್ಲಿ ಕಲಿಸಿದ ಲೆಕ್ಕವಿದು.

ಕುದುರೆ ಹನ್ನೊಂದಾದರೆ ಹಗ್ಗ ಹನ್ನೆರಡೇಕೆ ಎಂದು ಕೇಳಿದರೆ ಅವರು ಒಲೆಯ ಕಡೆ ತಿರುಗುತ್ತಾರೆ.

ಈ ವಾರ ಹೊಳೆಮ್ಮನಿಗೆ ನಿದ್ದೆ ಇಲ್ಲ. ಕಾರಣ ಬಾದಲ್. ಕಂಪ್ಲಿಯ ಮಾಲತೇಶ್ ಅವರ ಕಪ್ಪು ಕುದುರೆ ಅದು. ಓಟದ ಮುಂಚಿನ ಎರಡು ತಿಂಗಳು ಚಿತ್ತವಾಡ್ಗಿಯ ಕಾಲುವೆ ಪಕ್ಕದ ಶೆಡ್ಡಿನಲ್ಲೇ ಇದ್ದು ಹೊಳೆಮ್ಮನ ಉಂಡೆ ತಿನ್ನುತ್ತದೆ. ಭಾನುವಾರ ಸಂಡೂರು ತಾಲ್ಲೂಕಿನ ಬಂಡ್ರಿ ಹತ್ತಿರ ಗಾಡಿ ಓಟ. ಹೋದ ವರ್ಷ ಬಾದಲ್ ಕೊನೆಯ ಒಂದು ಕಿಲೋಮೀಟರಿನಲ್ಲಿ ಸೋತಿತ್ತು. ಆ ಒಂದು ಕಿಲೋಮೀಟರು ಮಾಲತೇಶರ ತಲೆಯಲ್ಲಿ ವರ್ಷವಿಡೀ ಓಡಿದೆ. ಗುರುವಾರ ಬೆಳಿಗ್ಗೆ ಅವರು ಒಂದು ದೊಡ್ಡ ಡಬ್ಬಿ ಹಿಡಿದು ಹಿತ್ತಲಿಗೆ ಬಂದರು. ಮೇಲೆ ಜಿಗಿಯುವ ಕುದುರೆಯ ಚಿತ್ರ, ಕೆಳಗೆಲ್ಲ ಇಂಗ್ಲಿಷು.

"ಯಮ್ಮಾ, ರೇಸಿನ ಕುದುರಿಗೆ ಇದನ್ನ ಹಾಕ್ತಾರಂತ. ದಮ್ಮು ಡಬಲ್ ಆಗ್ತೈತಿ. ಇವತ್ತಿಂದ ಉಂಡಿಗೆ ಮೂರು ಚಮಚ ಕಲಸಿಬಿಡ್ರಿ."

"ಈಗ ಆ ಬಾಟ್ಲಿ ಟಾನಿಕ್ ಹಾಕಾಕತ್ತೀನಲ್ಲಪ್ಪ, ತಿಂಗಳಾತು."

"ಅದೂ ಇರ್ಲಿ, ಇದೂ ಇರ್ಲಿ. ಒಳ್ಳೇದು ಎಷ್ಟು ಬಿದ್ರೇನು?"

ಈ ಊರುಗಳಲ್ಲಿ ಕುದುರೆ ಸಾಕುವವರೆಲ್ಲ ಮಾಡುವ ತಪ್ಪೇ ಇದು. ಪ್ರೀತಿಯಿಂದಲೇ ಮಾಡುತ್ತಾರೆ ಎನ್ನುವುದು ಇನ್ನೂ ಕಷ್ಟ. ಹೊಳೆಮ್ಮ ಡಬ್ಬಿಯನ್ನು ಸೊಸೆ ತುಳಸಿಯ ಕೈಗೆ ಕೊಟ್ಟರು. ಪಿಯುಸಿ ಓದಿರುವ ತುಳಸಿ ಡಬ್ಬಿಯನ್ನೂ ಬಾಟಲಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು, ಸಾಸಿವೆ ಗಾತ್ರದ ಅಕ್ಷರಗಳನ್ನು ಬೆರಳಿಟ್ಟು ಓದಿದರು. "ಅತ್ತಿ, ಸೆಲೆನಿಯಂ ಅಂತ ಎರಡ್ರಾಗೂ ಐತಿ ನೋಡ್ರಿ. ಡಬ್ಬ್ಯಾಗ ದಿನಕ್ಕ ಒಂದ ಚಮಚ ಅಂತ ಬರದಾರ," ಎಂದರು.

ಎರಡರ ಫೋಟೋವೂ ಸಂಡೂರಿನ ಪಶುವೈದ್ಯೆ ಶೈಲಜಾ ಅವರಿಗೆ ಹೋಯಿತು. ಹತ್ತು ನಿಮಿಷದಲ್ಲಿ ಫೋನು ಬಂತು. "ಯಾವುದಾದರೂ ಒಂದೇ ಸಾಕು. ಆ ಖನಿಜ ಕುದುರೆಗೆ ಬೇಕಾಗುವುದು ಚೂರೇ ಚೂರು. ದಿನಾ ಹೆಚ್ಚಾದರೆ ಬಾಲದ ಕೂದಲು ಉದುರುತ್ತೆ, ಗೊರಸು ಬಿರಿಯುತ್ತೆ. ತೀರಾ ಹೆಚ್ಚಾದರೆ ಪ್ರಾಣಕ್ಕೇ ಕುತ್ತು," ಎಂದರು.

ಮಾಲತೇಶ್ ಒಪ್ಪಲಿಲ್ಲ. ಡಾಕ್ಟರಿಗೆ ಓಟದ ಕುದುರೆ ಗೊತ್ತಿಲ್ಲ ಎಂದರು. ನೀವು ಕಲಸದಿದ್ದರೆ ನಾನೇ ಕಲಸಿಕೊಳ್ಳುತ್ತೇನೆ, ಮುಂದಿನ ವರ್ಷ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದೂ ಅಂದರು. ಓಟದ ಮೂರೂ ಕುದುರೆಗಳು ಹೊಳೆಮ್ಮನ ಹಿತ್ತಲಿಗೆ ಬಂದದ್ದು ಅವರ ಮಾತಿನಿಂದಲೇ. ಅವರು ಹೋದರೆ ಉಳಿದೆರಡೂ ಹಿಂದೆಯೇ ಹೋಗುತ್ತವೆ. ಇದು ಗೊತ್ತಿದ್ದೂ ಹೊಳೆಮ್ಮ ವಾದಕ್ಕೆ ನಿಲ್ಲಲಿಲ್ಲ. ಎದ್ದು ಹೋಗಿ ಕೊನೆಯ ಮೊಳೆಯ ಹಗ್ಗ ತೆಗೆದು ಮಾಲತೇಶರ ಕೈಗಿಟ್ಟರು.

"ಇದು ಯಾವ ಕುದುರಿದು?"

"ಈಗಿಲ್ಲ."

ಆ ಹಗ್ಗ ಮುತ್ತುವಿನದು. ಉಚ್ಚೆಂಗೆಪ್ಪ ಹೊಸಪೇಟೆ ಬಸ್ ನಿಲ್ದಾಣದಿಂದ ಜಟಕಾ ಹೊಡೆಯುತ್ತಿದ್ದಾಗಿನ ಬಿಳಿ ಕುದುರೆ. ಆಟೋಗಳು ಹೆಚ್ಚಿ ಜಟಕಾ ಮೂಲೆಗೆ ಬಿದ್ದ ಮೇಲೆ ಮದುವೆಗಳಿಗೆ ಹೋಗುತ್ತಿತ್ತು. ಹದಿನೇಳು ವರ್ಷದ ಹಿಂದೆ ಕಂಪ್ಲಿಯಲ್ಲೊಂದು ಮೆರವಣಿಗೆ. ಮದುವೆ ಮನೆಯವರ ಗಾಡಿ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿತ್ತು, ಸೌದೆ ಹಸಿ ಇತ್ತು, ಹುರುಳಿ ಅರ್ಧ ಬೆಂದಿತ್ತು. ಹೊಳೆಮ್ಮ ಅದನ್ನೇ ತಿನ್ನಿಸಿ ಕಳಿಸಿದರು. ಕುಣಿದು ಬಂದ ಮುತ್ತು ಬಾಯಾರಿ ಎರಡು ಬಕೆಟ್ ನೀರು ಕುಡಿಯಿತು. ಕಾಳು ಹೊಟ್ಟೆಯೊಳಗೆ ಉಬ್ಬಿತು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಮರುದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಎಲ್ಲ ಮುಗಿದಿತ್ತು.

"ನಮ್ಮ ಮನಿಯವ್ರು ಒಂದು ಮಾತು ಬೈಲಿಲ್ರಿ. ಬೈದಿದ್ರ ಹಗುರ ಆಗ್ತಿತ್ತು," ಎನ್ನುತ್ತಾರೆ ಹೊಳೆಮ್ಮ. "ಹಗ್ಗ ತೆಗಿ ಅಂತ ಅವ್ರೂ ಅಂದಿಲ್ಲ, ನಾನೂ ತೆಗದಿಲ್ಲ." ಲೋಟದ ಪರೀಕ್ಷೆ ಶುರುವಾದದ್ದು ಆ ವಾರದಿಂದ. ಮನೆಯ ಕುದುರೆ ಹೋದ ಮೇಲೆ ಊರವರ ಕುದುರೆಗಳಿಗೆ ಉಂಡೆ ಕಟ್ಟಲು ತೊಡಗಿದ್ದೂ ಆಗಲೇ. ಹೊಟ್ಟೆಪಾಡೂ ಹೌದು. ಅದಷ್ಟೇ ಅಲ್ಲ ಎಂಬುದು ಅವರ ಮುಖ ನೋಡಿದವರಿಗೆ ತಿಳಿಯುತ್ತದೆ.

ಮಾಲತೇಶ್ ಆ ದಿನ ಮುತ್ತುವಿನ ಕಥೆ ಕೇಳಿ, ಹಗ್ಗವನ್ನು ಮೊಳೆಗೆ ಹಾಕಿ, ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದರು. ಶನಿವಾರ ಮಧ್ಯಾಹ್ನ ಬಾದಲನನ್ನು ಗೂಡ್ಸ್ ಗಾಡಿಗೆ ಹತ್ತಿಸುವಾಗ ಹೊಳೆಮ್ಮ ಆರು ಉಂಡೆ, ಉಪ್ಪು ಬೆಲ್ಲದ ಪೊಟ್ಟಣ ಕಟ್ಟಿಕೊಟ್ಟರು. ಡಬ್ಬಿ ಡ್ರೈವರ್ ಸೀಟಿನ ಪಕ್ಕದಲ್ಲೇ ಇತ್ತು. ಹೊಳೆಮ್ಮ ಅದನ್ನು ನೋಡಿದರು. ಏನೂ ಕೇಳಲಿಲ್ಲ. ಕೇಳಿದರೆ ಮಾಲತೇಶ್ ಹಟಕ್ಕೆ ಬಿದ್ದು ನಾಲ್ಕು ಚಮಚ ಹಾಕಿಯಾರು ಎಂಬ ಭಯ.

ಭಾನುವಾರ. ಐದು ಗಂಟೆಗೆ ಲೋಟ ಎಂದಿನಂತೆ ಒಲೆಯ ಪಕ್ಕದಲ್ಲಿದೆ, ಅದರ ಪಕ್ಕದಲ್ಲಿ ಇವತ್ತು ತುಳಸಿಯ ಮೊಬೈಲೂ ಇದೆ. ಓಟ ಆರೂವರೆಗೆ. ಬಂಡ್ರಿ ಕಡೆಯ ರಸ್ತೆಯ ಕೆಂಪು ಧೂಳು, ಏಳಕ್ಕೇ ಚುರುಗುಟ್ಟುವ ಬಿಸಿಲು, ಒಂಬತ್ತು ಕಿಲೋಮೀಟರು. ಹೊಳೆಮ್ಮ ಉಂಡೆ ಕಟ್ಟುತ್ತಾರೆ, ಎಣಿಸುತ್ತಾರೆ, ಎಣಿಕೆ ತಪ್ಪುತ್ತದೆ, ಮತ್ತೆ ಎಣಿಸುತ್ತಾರೆ. ಕಾಳು ಗೀಟಿನ ಕೆಳಗೇ ಇದ್ದರೂ ಎರಡು ಸಲ ಲೋಟ ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಏಳೂವರೆಯಾಗುತ್ತದೆ. "ನೀವೇ ಮಾಡ್ರಿ ಫೋನು," ಎಂದು ತುಳಸಿ ಅಂದರೆ "ಬ್ಯಾಡ" ಎನ್ನುತ್ತಾರೆ. ಕೆಟ್ಟ ಸುದ್ದಿಯನ್ನು ತಾವಾಗಿ ಕರೆಯುವುದು ಅವರಿಗೆ ಆಗದು. ಎಂದೂ ಒಲೆಯ ಹತ್ತಿರ ಬಾರದ ಉಚ್ಚೆಂಗೆಪ್ಪ ಇವತ್ತು ಬಂದು ಸೌದೆ ಮುಂದಕ್ಕೆ ತಳ್ಳುತ್ತಾ ಕೂತಿದ್ದಾರೆ.

ಎಂಟು ಗಂಟೆ ದಾಟಿದ ಮೇಲೆ ಮೊಬೈಲು ಬಡಿದುಕೊಳ್ಳುತ್ತದೆ. ಆ ಕಡೆ ಡೋಲಿನ ಸದ್ದು, ಅದರ ನಡುವೆ ಮಾಲತೇಶರ ದನಿ. "ಯಮ್ಮಾ, ಎರಡನೇ ನಂಬರ್!"

"ಇರ್ಲಿ. ನೀರು ಕುಡೀತಾ?"

"ಯಮ್ಮಾ, ಎರಡನೇ ನಂಬರ್ ಬಂದೀವಿ ಅಂತೀನಿ."

"ಕೇಳಿಸ್ತಪ್ಪ. ನೀರು ಕುಡೀತಾ? ಲದ್ದಿ ಹಾಕ್ತಾ?"

"ಕುಡೀತು. ಲದ್ದೀನೂ ಹಾಕೈತಿ," ಎನ್ನುತ್ತಾರೆ ಮಾಲತೇಶ್. ದನಿ ಇಳಿದಿದೆ. "ಡಬ್ಬಿ ಸೀಲ್ ಒಡದಿದ್ದೆ ಯಮ್ಮಾ. ಚಮಚಾನೂ ತುಂಬಿದ್ದೆ. ಆ ಹಗ್ಗ ಕಣ್ಣ ಮುಂದ ಬಂತು. ವಾಪಸ್ ಡಬ್ಬಿಗೆ ಸುರದೆ."

ಹೊಳೆಮ್ಮ ಮೊಬೈಲನ್ನು ತುಳಸಿಯ ಕೈಗಿಟ್ಟು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಹೊಗೆ ಎಂದು ತುಳಸಿಗೆ ಹೇಳುತ್ತಾರೆ. ಒಲೆ ಆರಿ ಅರ್ಧ ತಾಸಾಗಿದೆ.

ಸಂಜೆ ಬಾದಲ್ ಹಿತ್ತಲಿಗೆ ಬಂದು ನಿಂತಿದೆ. ಕಿವಿಯ ಸಂದಿನಲ್ಲಿ ಕೆಂಪು ಧೂಳು ಇನ್ನೂ ಇದೆ. ಹೊಳೆಮ್ಮ ಅದರ ಹಗ್ಗ ತೆಗೆದು ಎದೆಯ ಸುತ್ತ ಬಳಸುತ್ತಾರೆ. ತುದಿ ಎರಡು ಬೆರಳು ಗಂಟು ದಾಟುತ್ತದೆ. "ಬಿಸಿಲಿಗೆ ಇಳದೈತಿ. ಮೂರು ದಿನದಾಗ ಗಂಟಿಗೆ ಬರ್ತೈತಿ," ಎಂದು ಮಾಲತೇಶರಿಗೆ ಹೇಳಿ, ಅರ್ಧ ಉಂಡೆ ಹೆಚ್ಚಿಗೆ ಮುರಿದು ಬಾದಲನ ಬಾಯಿಗೆ ಹಿಡಿಯುತ್ತಾರೆ. ಮುಂದಿನ ವರ್ಷದ ಮಾತನ್ನು ಮಾಲತೇಶ್ ಎತ್ತುವುದಿಲ್ಲ, ಅವರೂ ಎತ್ತುವುದಿಲ್ಲ.

ಹಗ್ಗ ಮತ್ತೆ ತನ್ನ ಮೊಳೆಗೆ ಹೋಗುತ್ತದೆ. ಏನಾದರೂ ಬೇಕು ಅನ್ನಿಸುತ್ತದೆಯೇ ಎಂದು ಕೇಳಿದರೆ ಹೊಳೆಮ್ಮ ನಾಳೆಯ ಹುರುಳಿಗೆ ನೀರು ಹಾಕಿ ಮುಗಿಸುತ್ತಾರೆ. ಆಮೇಲೆ ಗೋಡೆಯ ಕಡೆ ನೋಡುತ್ತಾರೆ.

"ಮುತ್ತುಂದು ಒಂದ ಹಗ್ಗ ಸುಮ್ನ ಜೋತಾಡತೈತಿ ನೋಡ್ರಿ. ನಾ ಇರೋತನಕ ಅದು ಒಂದ ಇರ್ಲಿ, ಎರಡಾಗೋದು ಬ್ಯಾಡ."