ಶ್ರೀಶೈಲದ ವೀರಭದ್ರಯ್ಯ ಮಾದಪ್ಪನ ದಾರಿ ಹಿಡಿದದ್ದು

ಗುಬ್ಬಿಯ ಕೊಬ್ಬರಿ ವ್ಯಾಪಾರಿ ವೀರಭದ್ರಯ್ಯನ ಲೆಕ್ಕದಲ್ಲಿ ಮನುಷ್ಯರು ಎರಡೇ ತರ. ಶ್ರೀಶೈಲಕ್ಕೆ ನಡೆದುಹೋದವರು ಒಂದು ತರ, ಕೆಲಸಕ್ಕೆ ಬಾರದವರು ಇನ್ನೊಂದು ತರ. ಅವನು ಒಂಬತ್ತು ಸಲ ನಡೆದಿದ್ದ. ಯುಗಾದಿಗೆ ಮುಂಚೆ ಹೊರಟು, ಹದಿನಾರು ದಿನ ಬರಿಗಾಲಲ್ಲಿ ಸುಡುವ ಡಾಂಬರು ತುಳಿದು, ನಲ್ಲಮಲ ಕಾಡು ಹೊಕ್ಕು, ಭೀಮನಕೊಳ್ಳದ ಕಲ್ಲುಮೆಟ್ಟಿಲು ಇಳಿದು ಹತ್ತಿದ ಕಾಲು ಅವು. ಅಂಗಡಿಗೆ ಬಂದವರು ಕೇಳಲಿ ಬಿಡಲಿ, ಆ ಕಾಲನ್ನು ಗಲ್ಲಾಪೆಟ್ಟಿಗೆಯ ಮುಂದಿನ ಸ್ಟೂಲಿನ ಮೇಲೆ ಚಾಚಿ ತೋರಿಸುತ್ತಿದ್ದ.

ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆಯುವ ಕುಣಿಗಲ್ ಕಡೆಯವರನ್ನು ಕಂಡರೆ ಅವನಿಗೆ ಎಲ್ಲಿಲ್ಲದ ತಾತ್ಸಾರ. ಏಳೇ ದಿನದ ದಾರಿ, ಹಿಂದೆ ಹಾಸಿಗೆ ಹೊತ್ತ ಟೆಂಪೊ, ಕ್ಯಾನ್ ನೀರು! ಒಂದು ಸಲ ತುಮಕೂರಿನ ಶಿರಾ ಗೇಟಿನ ಹೋಟೆಲಿನಲ್ಲಿ ಆ ತಂಡದ ಯಜಮಾನ, ಅಮೃತೂರಿನ ಹೈಸ್ಕೂಲ್ ಮೇಷ್ಟ್ರು ಸೋಮಶೇಖರ್ ಸಿಕ್ಕಿದ್ದರು. ಸಂಗಮದಲ್ಲಿ ಹಗ್ಗ ಹಿಡಿದು ಕಾವೇರಿ ದಾಟೋದು, ಆನೆ ಕಾಡು ಹಾಯೋದು, ತಾಳುಬೆಟ್ಟದಿಂದ ಮೇಲೆ ಏರೋದು, ಇವೂ ಸುಲಭವಲ್ಲ ಎಂದು ಮೇಷ್ಟ್ರು ಮೆತ್ತಗೆ ಹೇಳಿದರು.

"ಮೇಷ್ಟ್ರೇ, ಉಂಡಿದ್ದು ಅರಗ್ಲಿ ಅಂತ ನಮ್ಮೂರ ಹೆಂಗಸ್ರು ಅಷ್ಟು ದೂರ ಅಡ್ಡಾಡ್ತಾರೆ, ಬುಡಿ" ಎಂದ ವೀರಭದ್ರಯ್ಯ. ಹೋಟೆಲಿಗೆ ಹೋಟೆಲೇ ನಕ್ಕಿತು. ಮೇಷ್ಟ್ರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದುಹೋದರು.

ಡಿಸೆಂಬರಿನಲ್ಲಿ ಮಗಳು ಭೂಮಿಕಾಳಿಗೆ ತುಮಕೂರಿನ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಮಗು ಚೆನ್ನಾಗಿತ್ತು, ತಾಯಿಗೆ ರಕ್ತ ನಿಲ್ಲಲಿಲ್ಲ. ನರ್ಸುಗಳು ಓಡಾಡುವುದನ್ನು ವೀರಭದ್ರಯ್ಯ ನೋಡಿದ. ಗೋಡೆಗೆ ಕೈಯೂರಿ, ಪಕ್ಕದಲ್ಲಿ ನಿಂತ ಹೆಂಡತಿಗೆ ಕೇಳುವಂತೆ ಹರಕೆ ಹೊತ್ತ: "ಮಗ್ಳು ಉಳ್ಕೊಂಡ್ರೆ, ಶ್ರೀಶೈಲ, ಮಾದಪ್ಪನ ಬೆಟ್ಟ, ಎರಡ್ರಲ್ಲಿ ನಂಗೆ ಯಾವ್ದು ಕಷ್ಟವೋ ಆ ದಾರಿ ನಡೀತೀನಿ ತಂದೆ." ನೇರವಾಗಿ ಶ್ರೀಶೈಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಮಗಳ ಪ್ರಾಣ ಹೋಗಿ ಬರುತ್ತಿರುವಾಗಲೂ ಪುಣ್ಯಾತ್ಮನಿಗೆ ಇನ್ನೊಬ್ಬರ ದಾರಿಯನ್ನು ಪಕ್ಕಕ್ಕೆ ಎಳೆದು ತಂದು ಕೀಳು ಮಾಡುವ ಚಪಲ.

ಭೂಮಿಕಾ ಉಳಿದಳು. ವೀರಭದ್ರಯ್ಯ ಹತ್ತನೆಯ ಶ್ರೀಶೈಲಕ್ಕೆ ಚೀಲ ಒಗೆದಿಡಲು ಹೇಳಿದ. ಹೆಂಡತಿ ಉಮಾಮಹೇಶ್ವರಿ ಚೀಲ ಮುಟ್ಟಲಿಲ್ಲ.

"ಒಂಬತ್ತು ಸಲ ಹೋಗ್ಬಂದಿದ್ದು ನಿಮ್ಗೆ ಹೆಂಗ್ರೀ ಕಷ್ಟ? ಅಲ್ಲಿ ದಾರಿಯುದ್ದಕ್ಕೂ ನಿಮ್ ಕಾಲಿಗೆ ಬೀಳೋರೇ. ಕಷ್ಟ ಬೇಕು ಅಂದ್ರೆ ಆ ಮೇಷ್ಟ್ರ ಹಿಂದೆ ನಡೀರಿ."

ಅವನು ಕಿಲೋಮೀಟರು ಹೇಳಿದ, ಕಲ್ಲು ಹೇಳಿದ, ನೀರಿಲ್ಲದ ಕಾಡು ಹೇಳಿದ. ಅವಳು ಅದೆಲ್ಲ ಹಳೇ ಪುರಾಣ ಎನ್ನುವಂತೆ ಅಕ್ಕಿ ಆರಿಸುತ್ತ ಕೂತಳು. ಜನವರಿಯಲ್ಲಿ ಭೂಮಿಕಾಳಿಗೆ ಜ್ವರ ಬಂತು. ಎರಡು ವಾರವಾದರೂ ಹಾಸಿಗೆ ಬಿಟ್ಟೇಳಲಿಲ್ಲ. ದೇವರಿಗೆ ಸುಲಭದ್ದನ್ನು ಸಾಗಹಾಕಲು ಹೊರಟಿದ್ದೇನೆಂಬ ಭಯ ವೀರಭದ್ರಯ್ಯನನ್ನು ಹಿಡಿದುಕೊಂಡಿತು. ಊಟ ಸೇರದಾಯಿತು. ಕೊನೆಗೆ ಒಂದು ಭಾನುವಾರ ಅಮೃತೂರಿನ ಪ್ರೈವೇಟ್ ಬಸ್ಸು ಹತ್ತಿದ.

ಮೇಷ್ಟ್ರು ಹಳೆಯದನ್ನು ಕೆದಕಲಿಲ್ಲ. ಕೆದಕಿದ್ದರೆ ಜಗಳ ಆಡಿ ವಾಪಸು ಬರಬಹುದಿತ್ತು. ಬನ್ನಿ ಎಂದರು, ಒಂದೇ ಕಟ್ಟಳೆ ತಿಳಿಸಿದರು: ಮೊದಲ ಸಲ ಬರುವವರು ದಾರಿಯುದ್ದಕ್ಕೂ ತಂಡದ ಎಂಜಲೆಲೆ ಎತ್ತಬೇಕು, ವಯಸ್ಸು ನೋಡುವುದಿಲ್ಲ.

ಕುಣಿಗಲ್ ಬಿಟ್ಟ ಮೊದಲ ದಿನ ವೀರಭದ್ರಯ್ಯ ಒಳಗೊಳಗೇ ಎಲ್ಲರನ್ನೂ ಹಳಿಯುತ್ತ ನಡೆದ. ಇದೂ ಒಂದು ಬಿಸಿಲೇ, ಇದೂ ಒಂದು ಏರೇ. ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಕುಂಟುವ ಹುಡುಗರನ್ನು ಕಂಡು ಕ್ಯಾಕರಿಸಿದ. ಅವನ ಕಾಲಿಗೆ ಒಂದು ಬೊಬ್ಬೆಯೂ ಏಳಲಿಲ್ಲ.

ಮಧ್ಯಾಹ್ನ ಹುಲಿಯೂರುದುರ್ಗದ ಹತ್ತಿರ ಒಂದು ಹೊಂಗೆಮರದ ಕೆಳಗೆ ನಲವತ್ತು ಜನ ಉಂಡೆದ್ದರು. ವೀರಭದ್ರಯ್ಯ ಪಂಚೆ ಎತ್ತಿಕಟ್ಟಿ ಬಗ್ಗಿದ. ಆಗಷ್ಟೇ ಹಳಿದಿದ್ದ ಹುಡುಗರ ಎಲೆಗಳು, ಅಗಿದುಬಿಟ್ಟ ನುಗ್ಗೆಕಾಯಿ, ಸಾರು ಕಲೆಸಿದ ಅನ್ನ. ಯಾರೂ ನಗಲಿಲ್ಲ, ಯಾರೂ ಅವನನ್ನು ನೋಡಲೂ ಇಲ್ಲ. ಕೊನೆಯ ಎಲೆ ಮೇಷ್ಟ್ರದು. ಅವರು ತಾವೇ ಎತ್ತಿಕೊಳ್ಳಲು ಬಗ್ಗಿದರು. "ನೀವು ದೊಡ್ಡೋರು, ನನ್ದು ಬುಡಿ" ಎಂದರು. ಅದು ನಿಜವಾದ ಮರ್ಯಾದೆ ಎಂದು ಗೊತ್ತಾಗಿ ವೀರಭದ್ರಯ್ಯನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರ ಕೈಯಡಿಯಿಂದ ಎಲೆ ಎಳೆದುಕೊಂಡ.

ಸಂಜೆ ಉಮಾಮಹೇಶ್ವರಿ ಫೋನ್ ಮಾಡಿದಳು. ಭೂಮಿಕಾ ಎದ್ದು ಕೂತು ಊಟ ಮಾಡಿದಳಂತೆ. ಕಾಲು ನೋವಾ ಎಂದು ಕೇಳಿದಳು. ಇಲ್ಲ ಎಂದ. ಹಾಗಾದರೆ ದಾರಿ ಸುಲಭವೇ ಎಂದಳು.

ಅವನು ಸಾರಿನ ವಾಸನೆ ಹೋಗದ ಕೈಯನ್ನು ಪಂಚೆಗೆ ಒರೆಸಿಕೊಂಡ. "ಇನ್ನೂ ಆರು ದಿನ ಐತೆ ಕಣೇ" ಎಂದ.