ಓಕ್ ಮರದಲ್ಲಿ ಹೆಂಡತಿ, ನನ್ನ ಕೈಯಲ್ಲಿ ಗಂಟು

"ರೀ, ನಿಮಗ ಗಂಟು ಹಾಕಲಿಕ್ಕೆ ಬರ್ತದೇನ್ರಿ?"

ಕಳೆದ ಶನಿವಾರ ಮಧ್ಯಾಹ್ನ ಹೆಂಡತಿ ನನ್ನನ್ನು ಕೇಳಿದ ಪ್ರಶ್ನೆ ಇದು. ಕೇಳಿದ್ದು ಎರಡಂತಸ್ತಿನ ಮನೆಯಷ್ಟು ಎತ್ತರದಿಂದ, ಓಕ್ ಮರವೊಂದಕ್ಕೆ ನೇತಾಡುತ್ತಾ.

(ನಾನು ಲೇಸ್ ಇಲ್ಲದ ಶೂ ಹಾಕುವ ಮನುಷ್ಯ. ಗೊತ್ತಿದ್ದೂ ಕೇಳಿದಳು ಎಂದರೆ ಪರಿಸ್ಥಿತಿ ಹೇಗಿತ್ತೆಂದು ನೀವೇ ಊಹಿಸಿ.)

ಶೈಲಾ ಧಾರವಾಡದವಳು. ಈ ದೇಶಕ್ಕೆ ಬಂದ ಮೇಲೆ ಬ್ರಿಡ್ಜ್‌ವಾಟರ್ ಹತ್ತಿರ ಫಾರ್ಮಾ ಲ್ಯಾಬಿನಲ್ಲಿ ಕೆಲಸ. ನಮ್ಮ ಮನೆಯಲ್ಲಿ ಮೊಟ್ಟೆಯೂ ಬೇಯುವುದಿಲ್ಲ. ಹಾಗಿದ್ದವಳು ಬಿಲ್ಲು ಹಿಡಿದದ್ದು ತನ್ನ ಕಾರಿಗೆ ಜಿಂಕೆಯೊಂದು ಅಡ್ಡ ಬಂದ ಮೇಲೆ. ಕಾಲು ಮುರಿದುಕೊಂಡ ಆ ಪ್ರಾಣಿ ರಸ್ತೆ ಪಕ್ಕ ಬಹಳ ಹೊತ್ತು ಒದ್ದಾಡಿತು. ಇವಳು ಅದರ ಪಕ್ಕದಲ್ಲೇ ಕುಳಿತಿದ್ದಳು. "ಹಿಂಗ ಒದ್ದಾಡಿ ಸಾಯೋದಕ್ಕಿಂತ ಒಂದು ಬಾಣ ಛಲೋ" ಎಂದಳು. ಬಿಲ್ಲುಬೇಟೆಯ ತರಬೇತಿಗೆ ಸೇರಿದಳು, ಲೈಸೆನ್ಸ್ ತೆಗೆದುಕೊಂಡಳು. ಮಾಂಸವೆಲ್ಲ ಬಡವರಿಗೆ ಆಹಾರ ಹಂಚುವ ಫುಡ್ ಪ್ಯಾಂಟ್ರಿಗೆ.

ಅವಳು ಮರವೇರಿ ಬೇಟೆಗೆ ಕೂರುವುದು ಸ್ಯಾಡಲ್‌ನಲ್ಲಿ. ಕುದುರೆಯ ಜೀನಲ್ಲ, ಸೊಂಟ, ತೊಡೆಗೆ ಬಿಗಿಯುವ ಪಟ್ಟಿಗಳ ತೊಟ್ಟಿಲು. ಕಾಂಡಕ್ಕೆ ಸುತ್ತಿದ ಹಗ್ಗಕ್ಕೆ ಅದನ್ನು ಸಿಕ್ಕಿಸಿ, ಕಾಲ ಕೆಳಗೊಂದು ಪುಟ್ಟ ಹಲಗೆ ಕಟ್ಟಿಕೊಂಡು, ಹಿಂದಕ್ಕೆ ಒರಗುವುದು. ಅಷ್ಟೇ. ಇಡೀ ಜೀವ ಒಂದು ಗಂಟಿನ ಮೇಲೆ. ಪ್ರೂಸಿಕ್ ಎಂಬ ಆ ಗಂಟು ಅವಳಿಗೆ ಪ್ರಾಣ. ಕೈಯಿಂದ ತಳ್ಳಿದರೆ ಹಗ್ಗದ ಮೇಲೆ ಸಲೀಸಾಗಿ ಜಾರುತ್ತದೆ, ಭಾರ ಬಿದ್ದರೆ ಕಚ್ಚಿ ಹಿಡಿಯುತ್ತದೆ. ಅದನ್ನು ನನಗೆ ಹತ್ತಾರು ಸಲ ತೋರಿಸಿದ್ದಾಳೆ. ನಾನು ಹತ್ತಾರು ಸಲ ಫೋನ್ ನೋಡಿದ್ದೇನೆ.

ಅವತ್ತು ಬೇಟೆಯ ಸೀಸನ್‌ಗೆ ಮುಂಚಿನ ಪ್ರಾಕ್ಟೀಸ್. ಗೆಳತಿಯೊಬ್ಬಳ ಕಾಡಿನಂಥ ಜಮೀನು. ಒಬ್ಬರೇ ಹತ್ತಬಾರದೆಂಬ ನಿಯಮಕ್ಕಾಗಿ ನಾನು. ಎತ್ತರ ಎಂದರೆ ನನಗೆ ಭಯ. ಹತ್ತುವವರನ್ನು ನೋಡುವುದೂ ಭಯ. ನೆಲ ನೋಡುತ್ತಾ ನಿಂತಿದ್ದೆ.

ಟಪ್ ಎಂದು ಏನೋ ನನ್ನ ಪಕ್ಕ ಬಿತ್ತು.

ಅವಳ ಕಾಲ ಕೆಳಗಿನ ಹಲಗೆ.

ಮೇಲೆ ನೋಡಿದೆ. ಶೈಲಾ ತಿರುಗುತ್ತಾ ಬಂದು ಕಾಂಡಕ್ಕೆ ಬಡಿದಳು. ಗಂಟು ಕಚ್ಚಿ ಹಿಡಿದಿತ್ತು, ಅವಳು ಬೀಳಲಿಲ್ಲ. ಆದರೆ ಎಡಗೈ ಜೋತುಬಿದ್ದಿತ್ತು, ಕಾಂಡಕ್ಕೆ ಕಟ್ಟಿಕೊಂಡು ಹತ್ತಿಹೋಗಿದ್ದ ಮೆಟ್ಟಿಲುಗಳು ಕಾಲಿಗೆ ಎಟುಕುತ್ತಿರಲಿಲ್ಲ.

ತುರ್ತು ಸೇವೆಯ 911ಗೆ ಫೋನ್ ಮಾಡಿದೆ. ಹೊರಟಿದ್ದೇವೆ ಎಂದರು. ಅಲ್ಲಿಯವರೆಗೆ ಅವಳು ಕಾಲು ಆಡಿಸುತ್ತಿರಬೇಕು, ಪಟ್ಟಿಯಲ್ಲಿ ಸುಮ್ಮನೆ ನೇತಾಡುವುದು ಅಪಾಯ ಎಂದರು.

"ಕಾಲು ಜೋಮು ಹಿಡಿಯಾಕತ್ಯಾವ್ರೀ" ಎಂದಳು ಮೇಲಿಂದ. ದನಿ ಸಣ್ಣಗಾಗಿತ್ತು. ಆಮೇಲೆ ಬಂದದ್ದೇ ಆ ಪ್ರಶ್ನೆ.

ನೆಲದ ಮೇಲಿದ್ದ ಅವಳ ಬ್ಯಾಗಿನಲ್ಲಿ ಇನ್ನೊಂದು ಹಗ್ಗವಿತ್ತು. ಒಂದು ತುದಿಗೆ ಕೊಂಡಿ. ಇನ್ನೊಂದು ತುದಿಗೆ, ಅವಳು ಕಾಲೂರಿ ನಿಲ್ಲಲು, ನಾನು ಉಂಗುರ ಮಾಡಿ ಮೇಲೆ ಕಳಿಸಬೇಕು.

"ಜೀರುಗುಣಿಕೆ ಹಾಕಬ್ಯಾಡ್ರಿ, ಕಾಲು ಬಿಗೀತದ. ಹಗ್ಗ ಎರಡು ಪದರ ಮಾಡ್ರಿ. ಅದರಾಗ ಇಂಗ್ಲಿಷ್ ಎಂಟು ಬರೀರಿ."

ಎಂಟು! ಒಂದನೇ ಕ್ಲಾಸಿನ ಮಗುವೂ ಬರೆಯುತ್ತದೆ. ನನ್ನ ಬೆರಳು ಬರೆಯಲಿಲ್ಲ. ಬೆವರಿಗೆ ಹಗ್ಗ ಜಾರಿತು. ಹೇಗೋ ಹೆಣೆದು, ಉಂಗುರದಲ್ಲಿ ಕಾಲಿಟ್ಟು ಜಗ್ಗಿದೆ. ಬಿಚ್ಚಿಹೋಯಿತು.

"ಬರ್ತಾ ಇಲ್ಲ ಕಣೇ!" ಅಳುವಂತೆ ಕೂಗಿದೆ.

"ಬರ್ತದ. ನನ್ನ ನೋಡಬ್ಯಾಡ್ರಿ, ಹಗ್ಗ ನೋಡ್ರಿ. ಹಿಂದಿಂದ ಸುತ್ತಿ ಮುಂದಿಂದ ಒಳಗ ತೂರಿಸ್ರಿ."

ಅವಳು ನೇತಾಡುತ್ತಾ ನನಗೆ ಧೈರ್ಯ ಹೇಳುತ್ತಿದ್ದಳು! ಮತ್ತೆ ಹೆಣೆದೆ. ಜಗ್ಗಿದೆ. ನಿಂತಿತು. ಬಿಲ್ಲು ಏರಿಸಲೆಂದು ಅವಳು ಇಳಿಬಿಟ್ಟಿದ್ದ ದಾರಕ್ಕೆ ಕೊಂಡಿ ಸಿಕ್ಕಿಸಿದೆ. ಅವಳು ಒಂದು ಕೈ, ಜೊತೆಗೆ ಹಲ್ಲು ಬಳಸಿ ಎಳೆದುಕೊಂಡು, ಕೊಂಡಿಯನ್ನು ತನ್ನ ಹಗ್ಗಕ್ಕೆ ಹಾಕಿಕೊಂಡು, ನಾನು ಕಟ್ಟಿದ ಉಂಗುರದಲ್ಲಿ ಪಾದ ತೂರಿಸಿದಳು.

ಅವಳು ಎದ್ದು ನಿಲ್ಲುವ ಕ್ಷಣದಲ್ಲಿ ನಾನು ಕಣ್ಣು ಮುಚ್ಚಿಕೊಂಡೆ. ಬೀಳುವ ಸದ್ದಿಗಾಗಿ ಕಾದೆ. ಇಷ್ಟು ವರ್ಷದಲ್ಲಿ ಅಷ್ಟು ಹೆದರಿದ ನೆನಪಿಲ್ಲ.

"ಹಿಡದದ ರೀ" ಎಂದಳು.

ಏಣಿಯ ಟ್ರಕ್ ಬರುವವರೆಗೆ ಅವಳು ಅದರ ಮೇಲೇ ನಿಂತಳು. ನಾನು ಮರವನ್ನು ತಬ್ಬಿಕೊಂಡಿದ್ದೆನಂತೆ. ಇಳಿಸಿದವರು ಮೊದಲು "ಆರ್ ಯೂ ಓಕೆ, ಸರ್?" ಎಂದು ಕೇಳಿದ್ದು ನನ್ನನ್ನು.

ಅವಳ ಭುಜದ ಕೀಲು ತಪ್ಪಿತ್ತು. ಕೂರಿಸಿದ್ದಾರೆ. ಈಗ ಸ್ಲಿಂಗ್‌ನಲ್ಲಿ ಕೈ.

"ಇನ್ನು ಸಾಕು, ಬಿಟ್ಟುಬಿಡು" ಎಂದೆ, ಭಾನುವಾರ ಕಾಫಿ ಕೊಡುತ್ತಾ.

"ನೀವು ದಿನಾ ಟ್ರಕ್ಕುಗಳ ನಡುವ ಪ್ರಿನ್ಸ್‌ಟನ್‌ಗೆ ಕೆಲಸಕ್ಕ ಕಮ್ಯೂಟ್ ಮಾಡ್ತೀರಿ. ಬಿಡ್ರಿ ಅಂದೀನೇನು? ಮನಿಗೆ ಬರೋತನಕ ನನ್ನ ಜೀವ ಹ್ಯಾಂಗಿರ್ತದ, ಒಮ್ಮೆಯರ ಕೇಳೀರೇನು?"

ಕೇಳಿಲ್ಲ. ನಿಜಕ್ಕೂ ಕೇಳಿಲ್ಲ.

ಮೇಲಿದ್ದವರಿಗಾದರೂ ಹಗ್ಗವಿರುತ್ತದೆ. ಕೆಳಗೆ ಕಾಯುತ್ತಾ ನಿಂತವರು ಏನನ್ನು ಹಿಡಿದುಕೊಳ್ಳಬೇಕು?