ಎಡಗಡೆಯ ಬಾಗಿಲು

ಗೆಳೆಯರೇ, ಇವತ್ತು ಹಾವೇರಿಯ ಗ್ಯಾರೇಜಿನಲ್ಲಿ ನನ್ನ ಮಾನ ಹೋಯಿತು. ನಮ್ಮ ಹಳೇ ಪಿಕಪ್ಪಿನ ಎಡಗಡೆ ಬಾಗಿಲು ಜೋತುಬಿದ್ದು, ಮುಚ್ಚಬೇಕಾದರೆ ಎರಡೂ ಕೈಯಿಂದ ಎತ್ತಿ ಬಡಿಯಬೇಕಿತ್ತು. ಮಿಸ್ತ್ರಿ ಬಿಜಾಗರಿ ಬಿಚ್ಚುತ್ತಿದ್ದ. ಅವನು ಕೇಳದಿದ್ದರೂ ನಾನೇ ಹೇಳಿದೆ:

"ಎಲ್ಲಾ ನಮ್ಮ ಮನಿಯಾಕಿ ಕೆಲಸ. ಮೊಣಕಾಲ ನೋವು ಅಂತ ಬಾಗಲಾ ಹಿಡಕೊಂಡು ಜೋತುಬಿದ್ದು ಹತ್ತತಿದ್ಲು."

ಅವನು ಸವೆದ ಪಿನ್ನನ್ನು ನನ್ನ ಅಂಗೈಗೆ ಹಾಕಿದ. ಒಣಗಿ ತುಕ್ಕು ಹಿಡಿದಿತ್ತು.

"ಇದು ಗ್ರೀಸ್ ಕಂಡು ಎಷ್ಟ ವರ್ಷ ಆತ್ರಿ? ನೀವು ಕುಂದ್ರೂ ಕಡೆ ಬಾಗಲಾನೂ ಹಿಂಗ ಇಳದೈತಿ. ಅದಕ್ಕ ಯಾರು ಜೋತುಬಿದ್ದಿದ್ರು?"

ಮೆಣಸಿನಕಾಯಿ ಮಾರಲು ಬ್ಯಾಡಗಿಗೆ ಹೋದಾಗಲೆಲ್ಲ, ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಇದೇ ಬಾಗಿಲಿಗಾಗಿ ಹೆಂಡತಿಯನ್ನು ಬೈದಿದ್ದೇನೆ. ಹಮಾಲರ ಎದುರಿಗೂ ಬಿಟ್ಟಿಲ್ಲ. ಹೋದ ವರ್ಷದಿಂದ ಅವಳು ಪಿಕಪ್ ಹತ್ತುವುದನ್ನೇ ಬಿಟ್ಟು ಬಸ್ಸಿಗೆ ಬರುತ್ತಾಳೆ.

ನಮ್ಮೂರು ಕರ್ಜಗಿಗೆ ಬಂದವನೇ ಅವಳಿಗೆ, "ಬಾಗಲಾ ರಿಪೇರಿ ಆತು. ನಾಳೆ ಪಿಕಪ್ಪಿನ್ಯಾಗ ಹೋಗೂಣು ಬಾ" ಎಂದೆ. ತಪ್ಪು ನನ್ನದೆಂದು ಹೇಳಲು ಬಾಯಿ ಬರಲಿಲ್ಲ. ಅವಳು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ, ತಲೆ ಎತ್ತದೆ ಹೇಳಿದಳು:

"ಬ್ಯಾಡ್ರಿ. ಬಸ್ಸಿನ ಬಾಗಲಾ ಹಿಡಕೊಂಡು ಹತ್ತಿದ್ರ ಯಾರೂ ಬಯ್ಯಂಗಿಲ್ಲ."

ಬಾಗಿಲು ಈಗ ಒಂದೇ ಬೆರಳಿಗೆ ಮುಚ್ಚುತ್ತದೆ. ತೆರೆಯುವವರೇ ಇಲ್ಲದ್ದರಿಂದ ಇನ್ನು ಬಹಳ ವರ್ಷ ಬಾಳಿಕೆ ಬರುತ್ತದೆ.